ಸೊಲ್ಲಾಪುರದ ಟೋಪಿ

ಶ್ರಾವಣ ಕಾಲಿಡುವ ಮೊದಲು ಒಂದು ದಿನ ಬಿಸಿಲು ಗಟ್ಟಿಯಾಗಿ ಬಿದ್ದರೆ ಸಾಕು, ನಾನು ಕಪಾಟಿನ ಸೀರೆಗಳನ್ನೆಲ್ಲ ಮಾಳಿಗೆಗೆ ಒಯ್ದು ಹರವುತ್ತೇನೆ. ಈ ಸಲ ಕೈಜೋಡಿಸಲು ಎದುರುಮನೆಯ ಫರ್ಜಾನಾ ಬಂದಿದ್ದಳು. ಈಚೆಗಷ್ಟೇ ಬಾಡಿಗೆಗೆ ಬಂದವಳು, ಹುಮನಾಬಾದಿಗೇ ಹೊಸಬಳು. ನನ್ನ ಮದುವೆಯ ರೇಷ್ಮೆ ಸೀರೆಯ ಎರಡು ತುದಿ ಹಿಡಿದು ಇಬ್ಬರೂ ಝಾಡಿಸಿದಾಗ ಅದರ ಮಡಿಕೆಯೊಳಗಿಂದ ಒಂದು ಬಿಳಿ ಟೋಪಿ ಜಾರಿ ಬಿತ್ತು. ನಮ್ಮ ಕಡೆಯ ಹಿರಿಯ ಗಂಡಸರು ತಲೆಯ ಮೇಲಿಡುತ್ತಾರಲ್ಲ, ಮಗುಚಿಟ್ಟ ದೋಣಿಯ ಹಾಗಿರುವುದು, ಅದೇ. ಫರ್ಜಾನಾ ಅದನ್ನು ಎತ್ತಿಕೊಂಡು, ಧೂಳಿಲ್ಲದಿದ್ದರೂ ಉಫ್ ಎಂದು ಊದಿ, "ಸಾಹೇಬ್ರದೇನ್ರಿ ಭಾಭಿ?" ಎಂದಳು.

"ಅಲ್ಲ, ನಂದು."

ಅವಳು ನಕ್ಕಳು. ನಾನು ನಗಲಿಲ್ಲ. ಅವಳ ನಗು ಮೆಲ್ಲಗೆ ನಿಂತಿತು. ನನ್ನ ಮುಖ ನೋಡಿದಳು, ಟೋಪಿ ನೋಡಿದಳು, ಮತ್ತೆ ನನ್ನ ತಲೆ ನೋಡಿದಳು. "ಬರ್ರಿ, ಕುಂತು ಹೇಳ್ರಿ," ಎಂದು ನೀರಿನ ಟಾಕಿಯ ನೆರಳಿಗೆ ಕರೆದೊಯ್ದಳು. ಅವಳಿಗೆ ಹೇಳಿದ್ದನ್ನೇ ನಿಮಗೂ ಹೇಳುತ್ತಿದ್ದೇನೆ. ಒಂದೇ ವ್ಯತ್ಯಾಸವೆಂದರೆ, ನಿಮ್ಮ ಮುಂದೆ ಕೊಂಚ ಕಡಿಮೆ ಜಂಬ ಕೊಚ್ಚಿಕೊಳ್ಳಬೇಕು ಅಂದುಕೊಂಡಿದ್ದೇನೆ. ಆದೀತೋ ಇಲ್ಲವೋ ನೋಡೋಣ.

ನಮ್ಮ ಕಡೆ ನಾಗರ ಪಂಚಮಿಗೆ ಹೆಣ್ಣುಮಕ್ಕಳು ತವರಿಗೆ ತಾವಾಗಿ ಹೋಗುವುದಿಲ್ಲ. ಕರೆಯಲು ಬರಬೇಕು. ಅಣ್ಣನೋ ತಮ್ಮನೋ ಅಪ್ಪನೋ, ಒಟ್ಟಿನಲ್ಲಿ ತವರಿನ ಗಂಡಸೊಬ್ಬ ಬಾಗಿಲಲ್ಲಿ ಬಂದು ನಿಲ್ಲಬೇಕು. ಬಂದವನ ಕಾಲಿಗೆ ನೀರು ಕೊಟ್ಟು, ಮಣೆ ಹಾಕಿ, ಹೋಳಿಗೆ ಉಣಿಸಿ, ಹೊರಡುವಾಗ ಅವನ ತಲೆಗೊಂದು ಬಿಳಿ ಟೋಪಿ, ಹೆಗಲಿಗೊಂದು ಟವೆಲ್ ಹಾಕಿ, "ಕರ್ಕೊಂಡು ಹೋಗ್ರಿ" ಎಂದು ಕಳಿಸುತ್ತಾರೆ. ಆ ಟೋಪಿ ಕರೆಯಲು ಬಂದವನ ಮಾನ. ಹೀಗೆ ಬಂದ ಟೋಪಿಗಳು ಬಸವಕಲ್ಯಾಣದ ನನ್ನ ಅಣ್ಣನ ಮನೆಯಲ್ಲಿ ಗೂಟದ ತುಂಬ ನೇತಾಡುತ್ತವೆ. ಎಲ್ಲ ನನ್ನನ್ನು ಕರೆಯಲು ಬಂದು ಗಳಿಸಿದವೇ. ಅವನು ಅವುಗಳನ್ನು ತೊಗರಿಗೆ ಔಷಧಿ ಹೊಡೆಯುವಾಗ ಹಾಕಿಕೊಂಡು ಹೋಗುತ್ತಾನೆ. ಗಂಡಸರಿಗೆ ಸುಲಭವಾಗಿ ಸಿಕ್ಕದ್ದರ ಗತಿ ಹೀಗೇ ಆಗುತ್ತದೆ.

ನನಗೆ ಆ ಟೋಪಿಯ ಮೇಲೆ ಕಣ್ಣು ಬಿದ್ದದ್ದು ತೀರ ಚಿಕ್ಕವಳಿದ್ದಾಗ. ಅಪ್ಪ ಹುಲಸೂರಿಗೆ ಸೋದರತ್ತೆಯನ್ನು ಕರೆಯಲು ಹೋಗುವಾಗ ನಾನು ಹಟ ಮಾಡಿ ಬಸ್ಸು ಹತ್ತಿದ್ದೆ. ಹುಲಸೂರಿನಲ್ಲಿ ಅಪ್ಪನಿಗೆ ಕಾಲಿಗೆ ನೀರು ಕೊಟ್ಟರು, ನನಗೂ ಕೊಟ್ಟರು. ಅಪ್ಪನಿಗೆ ಮಣೆ ಹಾಕಿದರು, ನನಗೂ ಒಂದು ಸಣ್ಣ ಮಣೆ ಬಂತು. ಅಲ್ಲಿಯವರೆಗೆ ಲೆಕ್ಕ ಸರಿಯಾಗಿತ್ತು. ಕಡೆಗೆ ಅಪ್ಪನ ತಲೆಗೆ ಟೋಪಿ ಇಟ್ಟರು, ನಾನು ತಲೆ ಬಗ್ಗಿಸಿಕೊಂಡು ನಿಂತೆ. ಯಾರೂ ಏನೂ ಇಡಲಿಲ್ಲ. ಕೈಗೆ ಎರಡು ಉಂಡಿ ಕೊಟ್ಟು ಕೆನ್ನೆ ಹಿಂಡಿದರು. ಬಸ್ಸಿನಲ್ಲಿ ಅಪ್ಪನ ಟೋಪಿ ಕಸಿದು ಹಾಕಿಕೊಂಡೆ. ಅದು ಮೂಗಿನವರೆಗೆ ಇಳಿದು ಬಸವಕಲ್ಯಾಣದವರೆಗೂ ನನಗೆ ಹೊರಗಿನದೇನೂ ಕಾಣಲಿಲ್ಲ. ಮನೆಯ ಹೊಸ್ತಿಲಲ್ಲೇ ಅಜ್ಜಿ ಅದನ್ನು ತೆಗೆದುಬಿಟ್ಟಳು. "ಹೆಣ್ಮಕ್ಕಳು ಟೋಪಿ ಹಾಕ್ತಾರೇನು, ಹುಚ್ಚಿ." ನಾನೂ ಕರಿಯಾಕ ಹೋಗಿದ್ದೆನಲ್ಲ, ನಂದೆಲ್ಲಿ, ಎಂದು ಅತ್ತುಬಿಟ್ಟೆ. ಅಣ್ಣ ಅದನ್ನು ಬಹಳ ದಿನ ಆಡಿಕೊಂಡ.

ಆಮೇಲೆ ಅಪ್ಪ ನನ್ನನ್ನು ಕಾನ್ವೆಂಟಿಗೆ ಹಾಕಿದರು. ಅಲ್ಲಿ ಟೋಪಿಯ ಚಿಂತೆ ಮರೆಯುವಷ್ಟು ಬೇರೆ ಚಿಂತೆಗಳಿದ್ದವು. ಎದೆಗೆ ಕರವಸ್ತ್ರ ಪಿನ್ ಮಾಡಬೇಕು, ಮೆಲ್ಲಗೆ ಮಾತಾಡಬೇಕು, ಯಾರನ್ನಾದರೂ ಕರೆಯಬೇಕಾದರೆ ಹತ್ತಿರ ಹೋಗಿ ಕರೆಯಬೇಕೇ ಹೊರತು ದೂರದಿಂದ ಕೂಗಬಾರದು. ಎಲ್ಲಕ್ಕಿಂತ ಮುಖ್ಯವಾದದ್ದು ಮೆಟ್ಟಿಲ ನಿಯಮ. ಮೆಟ್ಟಿಲ ತಿರುವಿನಲ್ಲಿ ಒಬ್ಬ ಸಿಸ್ಟರ್ ನಿಂತಿರುತ್ತಿದ್ದರು. ಹತ್ತುವವರೂ ಇಳಿಯುವವರೂ ಎಡಕ್ಕೇ ಇರಬೇಕು. ಯಾವಳಾದರೂ ಬಲಕ್ಕೆ ಒಂದು ಹೆಜ್ಜೆ ಇಟ್ಟರೆ ಸಿಸ್ಟರ್ ಏನೂ ಅನ್ನುತ್ತಿರಲಿಲ್ಲ, ಸುಮ್ಮನೆ ಹುಬ್ಬು ಏರಿಸುತ್ತಿದ್ದರು. ಆ ಹುಬ್ಬು ಇವತ್ತಿಗೂ ನನ್ನೊಳಗೆ ಏರಿಯೇ ಇದೆ.

ಇದು ನನಗೆ ಗೊತ್ತಾದದ್ದು ಕಾರು ಕಲಿಯಲು ಹೋದಾಗ. ಮಕ್ಕಳು ದೊಡ್ಡವರಾದ ಮೇಲೆ, ತಲೆಯಲ್ಲಿ ಬಿಳಿ ಕೂದಲು ಕಾಣಿಸಿದ ಮೇಲೆ ಕಲಿತ ವಿದ್ಯೆ ಅದು. ಹಳೆಯ ಕೌದಿಯೊಂದನ್ನು ಮಡಿಸಿ ಸೀಟಿನ ಮೇಲಿಟ್ಟುಕೊಂಡು ಕೂತರೆ ನನಗೆ ರಸ್ತೆ ಕಾಣುತ್ತದೆ. ಕಲಿಸಿದವರು ಖದೀರ್ ಮಾಸ್ಟರ್. ಹಾರ್ನ್ ಹೊಡೆಯಲು ನನಗೆ ಕೈಯೇ ಬರುತ್ತಿರಲಿಲ್ಲ. ಎದುರಿಗೆ ಯಾರಾದರೂ ಬಂದರೆ ಗಾಡಿ ನಿಲ್ಲಿಸಿ, ಅವರಾಗಿಯೇ ನನ್ನತ್ತ ನೋಡುವವರೆಗೆ ಕಾಯುತ್ತಿದ್ದೆ. ಅಪ್ಪಿತಪ್ಪಿ ಹಾರ್ನ್ ಒತ್ತಿದರೆ ಕಿಟಕಿಯಿಂದ ತಲೆ ಹಾಕಿ ಸಾರಿ ಎನ್ನುತ್ತಿದ್ದೆ. ಮಾಸ್ಟರ್ ಅದನ್ನು ಹೇಗೋ ಸಹಿಸಿಕೊಂಡರು. ಸಹಿಸಿಕೊಳ್ಳಲಾಗದ್ದು ಇನ್ನೊಂದಿತ್ತು.

"ಅಮ್ಮಾ, ಬಲಕ್ಕ ಯಾವಾಗ ತಿರಗ್ತೀರಿ?"

"ನಾಳೆ ಮಾಸ್ಟರ್."

"ನಿಮ್ ನಾಳೆ ಕಾಯ್ಕೋತ ನನ್ ಗಡ್ಡ ಬೆಳ್ಳಗಾಯ್ತು ನೋಡ್ರಿ."

ಎಡಕ್ಕೆ ತಿರುಗುವುದೆಂದರೆ ನಮ್ಮದೇ ಗೋಡೆಯ ಪಕ್ಕ ಸರಿದುಹೋದ ಹಾಗೆ. ಬಲಕ್ಕೆ ತಿರುಗಬೇಕಾದರೆ ಎದುರಿನವರ ದಾರಿಗೆ ಅಡ್ಡ ಹೋಗಬೇಕು. ಯಾರ ದಾರಿಗೂ ಅಡ್ಡ ಹೋಗಬಾರದೆಂದು ಕಲಿಸಿದ ಮನೆಯಲ್ಲೂ ಶಾಲೆಯಲ್ಲೂ ಬೆಳೆದವಳು ನಾನು. ಪರೀಕ್ಷೆಯ ದಿನ ಖಾಲಿ ಮೈದಾನದಲ್ಲಿ ಬಲಕ್ಕೆ ತಿರುಗಿ ಲೈಸೆನ್ಸ್ ತಂದೆ. ಎದುರಿಗೆ ಒಂದು ಎಮ್ಮೆ ಕೂಡ ಇರಲಿಲ್ಲ. ಆಮೇಲೆ ಊರೊಳಗೆ ಎಡಕ್ಕೆ, ಎಡಕ್ಕೆ, ಎಡಕ್ಕೆ ಎಂದು ತರಕಾರಿ ಮಾರ್ಕೆಟ್ಟಿಗೆ ಹೋಗಿ ಮನೆಗೆ ಬರುವ ಒಂದು ಪ್ರದಕ್ಷಿಣೆ ಕಂಡುಕೊಂಡೆ. ಬಸವಕಲ್ಯಾಣ ಇಷ್ಟು ಹತ್ತಿರವಿದ್ದರೂ ತವರಿಗೆ ಗಾಡಿ ಒಯ್ಯಲಿಲ್ಲ. ಹುಮನಾಬಾದಿನಿಂದ ಹೋದರೆ, ರಾಜೇಶ್ವರ ದಾಟಿದ ಮೇಲೆ ಹೆದ್ದಾರಿ ಬಿಟ್ಟು ಬಲಕ್ಕೆ ತಿರುಗಬೇಕು ನೋಡಿ.

ಇನ್ನು ಹೋದ ವರ್ಷದ ಮಾತು. ನನ್ನ ನಾದಿನಿ ಸುನಂದಾಳನ್ನು ಸೊಲ್ಲಾಪುರಕ್ಕೆ ಕೊಟ್ಟಿದೆ. ಪ್ರತಿ ಪಂಚಮಿಗೆ ನಮ್ಮ ಮನೆಯವರು ಹೋಗಿ ಕರೆದುಕೊಂಡು ಬರುತ್ತಿದ್ದರು. ಅದರ ಹಿಂದಿನ ವರ್ಷ ಮಾವನವರು ತೀರಿಕೊಂಡಿದ್ದರಿಂದ ನಮ್ಮಲ್ಲಿ ಹಬ್ಬವಿರಲಿಲ್ಲ, ಯಾರೂ ಹೋಗಿರಲಿಲ್ಲ. ಅವಳ ಓಣಿಯಲ್ಲಿ ಯಾರೋ, ಅಪ್ಪ ಹೋದ, ತವರೂ ಹೋಯ್ತು ಎಂದರಂತೆ. ಆ ಮಾತು ಅವಳಿಗೆ ನಟ್ಟಿತ್ತು. ಹೋದ ವರ್ಷ ಹಬ್ಬ ಹತ್ತಿರ ಬಂದಾಗ ಸರಿಯಾಗಿ ನಮ್ಮ ಮನೆಯವರು ಕಣ್ಣಿನ ಪೊರೆ ತೆಗೆಸಿಕೊಂಡು, ಕರಿ ಕನ್ನಡಕ ಹಾಕಿಕೊಂಡು ಕುಳಿತಿದ್ದರು. ಬಸ್ಸಿಗೆ ಬಂದುಬಿಡು ಎಂದು ನಾನೇ ಫೋನಿನಲ್ಲಿ ಹೇಳಿದೆ.

"ಬಸ್ಸಿಗಿ ಬರೋದು ಬ್ಯಾರೆ, ಕರಿಸ್ಕೊಂಡು ಬರೋದು ಬ್ಯಾರೆ ವೈನಿ," ಎಂದಳು ಸುನಂದಾ. "ಈ ವರ್ಷನೂ ಯಾರೂ ಬರ್ಲಿಲ್ಲಂದ್ರ ನಾ ಇನ್ನ ಮುಂದ ಬರಂಗಿಲ್ಲ. ಸಿಟ್ಟಿಲೆ ಹೇಳಾಕತ್ತಿಲ್ಲ, ನಾಚಿಕಿ ಆಗ್ತದ."

ಐವತ್ತರ ಹತ್ತಿರದ ಹೆಂಗಸು, ಸೊಸೆ ತರುವ ವಯಸ್ಸು, ಆದರೂ ಬಾಗಿಲಲ್ಲಿ ತವರಿನವರು ಬಂದು ನಿಲ್ಲಲಿ ಎಂದು ಕಾಯುತ್ತಾಳೆ. ನನಗೆ ನಗು ಬರಲಿಲ್ಲ. ನಾನೂ ಅದೇ ಜಾತಿಯ ಹಕ್ಕಿ.

ಬಾಡಿಗೆ ಡ್ರೈವರನ್ನು ಕಳಿಸೋಣ ಎಂದರು ನಮ್ಮವರು. ಮೂಲೆಯಲ್ಲಿ ಹಬ್ಬಕ್ಕೆ ಹುರಿದ ಜೋಳದ ಅಳ್ಳು ಆರಿಸುತ್ತ ಕುಳಿತಿದ್ದ ನಮ್ಮ ಅತ್ತೆ ತಲೆ ಎತ್ತಲಿಲ್ಲ. "ಡ್ರೈವರ್ ಹೋಗಿ ತಂದ್ರ ಅದು ಕರ್ಕೊಂಡು ಬಂದಾಂಗ ಆಗ್ತದೇನು? ಪಾರ್ಸಲ್ ತಂದಾಂಗ ಆಗ್ತದ." ಆಮೇಲೆ ಮೊರ ಕೆಳಗಿಟ್ಟು ನನ್ನ ಕಡೆ ತಿರುಗಿದರು. "ಲೀಲಾ, ನೀ ದಿನಾ ಊರು ಸುತ್ತತೀಯಲ್ಲ, ಸೊಲ್ಲಾಪುರ ಹೊಡೀತೀಯೇನು?"

ಬಲಕ್ಕೆ ತಿರುಗಲು ಬರುವುದಿಲ್ಲ ಅತ್ತೆ ಎಂದು ಹೇಳಲು ಬಾಯಿ ತೆಗೆದೆ. ಹೊರಗೆ ಬಂದದ್ದು "ಹೂಂರಿ."

ನಸುಕಿನ ತಂಪಿನಲ್ಲಿ ಹೊರಟೆವು. ಹಿಂದಿನ ಸೀಟಿನಲ್ಲಿ ಅತ್ತೆ. ಅವರ ಮಡಿಲಲ್ಲಿ ಉಂಡಿಯ ಸ್ಟೀಲ್ ಡಬ್ಬಿ. ಪಕ್ಕದಲ್ಲಿ ಸುನಂದಾಳಿಗೆ ಸೀರೆಯ ಗಂಟು. ನಮ್ಮ ಮನೆಯವರು ಕರಿ ಕನ್ನಡಕದಲ್ಲೇ ಗೇಟಿಗೆ ಬಂದು, "ಗಾಡಿ ಹೊಡೀವಾಗ ಫೋನ್ ಎತ್ತಬ್ಯಾಡ" ಎಂದು ತಾಕೀತು ಮಾಡಿದರು. ರಾಜೇಶ್ವರ ಬರುವಷ್ಟರಲ್ಲಿ ಅವರೇ ಫೋನ್ ಮಾಡಿದರು. ಅತ್ತೆ ಎತ್ತಿ, "ಇನ್ನ ಜೀವಂತ ಅದೀವಿ, ಇಡು," ಎಂದು ಇಟ್ಟರು. ಸೊಲ್ಲಾಪುರದವರೆಗೂ ಆ ಸಂಭಾಷಣೆ ಆಗಾಗ, ಒಂದಕ್ಷರ ಬದಲಾಗದೆ ನಡೆಯಿತು.

ಬಸವಕಲ್ಯಾಣದ ಕ್ರಾಸು ಬಂದಾಗ ನಾನು ಬಲಕ್ಕೆ ಹೊರಳಿದ ತವರಿನ ರಸ್ತೆಯನ್ನು ಓರೆಗಣ್ಣಿನಿಂದ ನೋಡಿ ಮುಂದೆ ಸಾಗಿದೆ. ಮಾತಾಡದೆ ಮುಂದೆ ಹೋದರೆ ಬೇಜಾರು ಮಾಡಿಕೊಳ್ಳುವ ಹಳೆಯ ಗೆಳತಿಯ ಹಾಗೆ ಅದು ಅಲ್ಲೇ ನಿಂತಿತ್ತು.

ಮಹಾರಾಷ್ಟ್ರ ಬಂದದ್ದು ಬೋರ್ಡಿನಿಂದ ತಿಳಿಯಿತೇ ಹೊರತು ಮಣ್ಣಿನಿಂದಲ್ಲ. ಅದೇ ಎರೆ, ಅದೇ ತೊಗರಿ, ಅದೇ ಸೋಯಾ, ಹೆಸರುಕಾಯಿ ಬಿಡಿಸುವ ಅದೇ ಹೆಂಗಸರ ಸಾಲು. ನೆಲ ಚಪ್ಪಟೆ, ಆಕಾಶ ಮಾತ್ರ ವಿಪರೀತ. ಪಕ್ಕದ ಸೀಟಿನಲ್ಲಿ ಕೂತು ಈ ದಾರಿಯಲ್ಲಿ ಎಷ್ಟೋ ಸಲ ಹೋಗಿದ್ದೇನೆ. ಆದರೆ ಆಗೆಲ್ಲ ಕಿಟಕಿಯ ಚೌಕಟ್ಟಿನಷ್ಟೇ ಆಕಾಶ ಕಂಡಿತ್ತು. ಸ್ಟಿಯರಿಂಗ್ ಹಿಂದೆ ಕೂತವರಿಗೆ ಇಡೀ ಬಯಲು ಸಿಗುತ್ತದೆ ಎಂಬ ಗುಟ್ಟನ್ನು ಗಂಡಸರು ಇಷ್ಟು ವರ್ಷ ನಮಗೆ ಹೇಳಿಯೇ ಇರಲಿಲ್ಲ. ದೂರದಲ್ಲಿ ಮಳೆಯ ಒಂದು ಕಂಬ ಯಾರದೋ ಹೊಲದ ಮೇಲೆ ಮಾತ್ರ ನಿಂತಿತ್ತು. ನಾವು ಅದನ್ನು ಬಹಳ ಹೊತ್ತು ನೋಡುತ್ತ ಹೋದೆವು. ಅದು ನಮ್ಮ ಮೇಲೆ ಬರಲೇ ಇಲ್ಲ. "ಪಾಪ, ಅದಕ್ಕೂ ಬಲಕ್ಕ ತಿರಗಾಕ ಬರಂಗಿಲ್ಲೇನೋ," ಎಂದರು ಅತ್ತೆ. ಖದೀರ್ ಮಾಸ್ಟರು ಊರಿಗೆಲ್ಲ ಹೇಳಿಬಿಟ್ಟಿದ್ದರೆಂದು ನನಗೆ ಆಗಲೇ ಗೊತ್ತಾಗಿದ್ದು.

ಬಯಲಿನ ಊರುಗಳಿಗೆ ಅಡಗಿಕೊಳ್ಳಲು ಬರುವುದಿಲ್ಲ. ಗುಡ್ಡದ ಊರಾದರೆ ತಿರುವಿನಲ್ಲಿ ಥಟ್ಟನೆ ಎದುರಾಗಿ ಹೆದರಿಸುತ್ತದೆ. ಸೊಲ್ಲಾಪುರ ಹಾಗಲ್ಲ. ಮೊದಲು ಒಂದು ಹಳೆಯ ಗಿರಣಿಯ ಚಿಮಣಿಯನ್ನು ಎತ್ತಿ ತೋರಿಸಿತು; ಬರ್ರಿ, ಇಲ್ಲಿದೀನಿ ಎನ್ನುವ ಹಾಗೆ. ಆಮೇಲೆ ನೀರಿನ ಟಾಕಿಗಳು, ಆಮೇಲೆ ಮಾಳಿಗೆಗಳು, ಮಾಳಿಗೆಗಳ ಮೇಲೆ ಒಣಗಲು ಹಾಕಿದ ಬಣ್ಣ ಬಣ್ಣದ ಟವೆಲುಗಳು. ಊರು ತಾನು ನೇಯ್ದ ಚಾದರವನ್ನೇ ಹಾಸಿಕೊಂಡು ಬಿಸಿಲಿಗೆ ಮೈ ಚಾಚಿದ ಹಾಗಿತ್ತು. ಹೈದರಾಬಾದಿನ ಹಾಗೆ ನಮ್ಮನ್ನು ನುಂಗಿ ನೀರು ಕುಡಿಯುವಷ್ಟು ದೊಡ್ಡದಲ್ಲ. ಹುಮನಾಬಾದಿನ ಹಾಗೆ ನಮ್ಮ ಮನೆಯ ಸಾರಿಗೆ ಉಪ್ಪು ಹೆಚ್ಚಾದದ್ದು ಬಸ್ ಸ್ಟ್ಯಾಂಡಿನವರೆಗೆ ಗೊತ್ತಾಗುವಷ್ಟು ಸಣ್ಣದೂ ಅಲ್ಲ. ದಾರಿ ತಪ್ಪಲು ತಕ್ಕ ಅಳತೆಯ ಊರು.

ತಪ್ಪಿದೆ.

ದೊಡ್ಡ ಸಿಗ್ನಲ್ಲಿನಲ್ಲಿ ಬಲಕ್ಕೆ ತಿರುಗಿದರೆ ಬೇವಿನ ಗಿಡದ ಓಣಿ, ಅಲ್ಲೇ ಸುನಂದಾಳ ಮನೆ. ಸಿಗ್ನಲ್ ಬಂತು. ಎದುರಿನಿಂದ ಬಸ್ಸು, ಆಟೋ, ಟವೆಲಿನ ಗಂಟು ಹೊತ್ತ ಟೆಂಪೋ, ಸೊಲ್ಲಾಪುರದ ಸಮಸ್ತ ಜನಸ್ತೋಮ. ನನ್ನೊಳಗೆ ಸಿಸ್ಟರ್ ಹುಬ್ಬು ಏರಿಸಿದರು. ನಾನು ನೇರವಾಗಿ ಮುಂದೆ ಹೋಗಿಬಿಟ್ಟೆ. ಮೂರು ಸಲ ಎಡಕ್ಕೆ ತಿರುಗಿದರೆ ಒಂದು ಸಲ ಬಲಕ್ಕೆ ತಿರುಗಿದಂತೆಯೇ ಅಲ್ಲವೇ, ಇದು ಕಾನ್ವೆಂಟಿನಲ್ಲಿ ಕಲಿತ ರೇಖಾಗಣಿತ. ಆದರೆ ರೇಖಾಗಣಿತ ಬರೆದವರು ಸೊಲ್ಲಾಪುರದ ಓಣಿಗಳನ್ನು ನೋಡಿರಲಿಲ್ಲ. ಎಡಕ್ಕೆ ಎಂದು ಹೊಕ್ಕ ಓಣಿ ತನ್ನಷ್ಟಕ್ಕೆ ಬಳಕಿ, ಬಾಗಿ, ನಮ್ಮನ್ನು ಇನ್ನೆಲ್ಲಿಗೋ ಒಯ್ದು ಬಿಡುತ್ತಿತ್ತು.

ಹೀಗಾಗಿ ನಾನು ಕಂಡದ್ದು ಎಡಗಡೆಯ ಸೊಲ್ಲಾಪುರ. ಬಲಗಡೆ ಏನಿದೆಯೋ ದೇವರಿಗೇ ಗೊತ್ತು. ಮುಚ್ಚಿದ ಬಾಗಿಲುಗಳ ಹಿಂದಿನಿಂದ ಮಗ್ಗಗಳ ಖಟಖಟ. ಒಂದು ಓಣಿ ದಾಟಿದರೂ ಶ್ರುತಿ ತಪ್ಪದೆ ಇನ್ನೊಂದು ಓಣಿಯಲ್ಲಿ ಅದೇ ಮುಂದುವರಿಯುತ್ತಿತ್ತು. ಕಿಟಕಿಯಿಂದ ಶೇಂಗಾ ಚಟ್ನಿ ಕುಟ್ಟುವ ವಾಸನೆ ಬಂದು ಅತ್ತೆ ಡಬ್ಬಿ ತೆರೆದು ಒಂದು ಉಂಡಿ ಬಾಯಿಗೆ ಹಾಕಿಕೊಂಡರು. ಅಂಗಡಿಗಳ ಬೋರ್ಡು ಮರಾಠಿ, ಒಳಗಿನ ಚೌಕಾಸಿ ಕನ್ನಡ, ಹಿಂದಿನ ಕೋಣೆಯಿಂದ ಹೆಂಡತಿ ಕೂಗುವುದು ತೆಲುಗು. ಒಬ್ಬ ಮುದುಕಿ ಕಟ್ಟೆಯ ಮೇಲೆ ಕೂತು ಹೊಸ ಟವೆಲುಗಳ ಅಂಚಿನ ದಾರ ಕತ್ತರಿಸುತ್ತಿದ್ದಳು; ನಾವು ಮೊದಲ ಸಲ ಹೋದಾಗ ಒಮ್ಮೆ ನೋಡಿದಳು, ಎರಡನೇ ಸಲ ಕತ್ತರಿ ಕೆಳಗಿಟ್ಟು ನೋಡಿದಳು, ಮೂರನೇ ಸಲ ಒಳಗಿನಿಂದ ಸೊಸೆಯನ್ನೂ ಕರೆದು ತೋರಿಸಿದಳು. ಮಧ್ಯೆ ಕೆರೆಯೊಂದರ ತುಣುಕು ಬೆಳ್ಳಗೆ ಮಿಂಚಿ ಮಾಯವಾಯಿತು. ಚಿಮಣಿ ಮಾತ್ರ ಬಿಡಲಿಲ್ಲ. ಯಾವ ಓಣಿಯಿಂದ ಹೊರಬಿದ್ದರೂ ಅದು ಮುಂದೆ ನಿಂತಿರುತ್ತಿತ್ತು.

"ಈ ಚಿಮಣಿ ನಮ್ ಹಿಂದ ಬಿದ್ದದಲ್ಲ ಲೀಲಾ," ಎಂದರು ಅತ್ತೆ.

"ನಾವಽ ಅದರ ಹಿಂದ ಬಿದ್ದೀವಿರಿ."

"ಇರ್ಲಿ ಬಿಡು. ಇಷ್ಟು ವರ್ಷ ಬಂದೀನಿ, ಮಗ ನನಗ ಒಂದು ಓಣಿನೂ ತೋರ್ಸಿರ್ಲಿಲ್ಲ."

ನಾನು ಹೆದರಿದ್ದೆ, ನಿಜ. ಆದರೆ ಆ ಮಾತು ಕೇಳಿದ ಮೇಲೆ ಹೆದರಿಕೆಯ ಜೊತೆಗೆ ಇನ್ನೇನೋ ಒಂದು ಸೇರಿಕೊಂಡಿತು. ಊರೊಂದು ನಮ್ಮಿಬ್ಬರಿಗೆಂದೇ ತನ್ನ ಒಳಮನೆಗಳನ್ನು ತೋರಿಸುತ್ತಿದೆಯೇನೋ ಎನ್ನುವಂಥ ಸಂಭ್ರಮ.

ಅದೇ ಸಿಗ್ನಲ್ಲಿಗೆ ಅದೇ ದಿಕ್ಕಿನಿಂದ ಮತ್ತೆ ಬಂದು ನಿಂತಾಗ ಅಲ್ಲಿದ್ದ ಟ್ರಾಫಿಕ್ ಪೊಲೀಸ್ ಹೆಣ್ಣುಮಗಳು ನಮ್ಮ ಗಾಡಿಯ ಹತ್ತಿರ ಬಂದಳು. ವಯಸ್ಸು ಚಿಕ್ಕದು, ಸೀಟಿ ಕೊರಳಲ್ಲಿ. ಮೊದಲು ಮರಾಠಿಯಲ್ಲಿ ಏನೋ ಕೇಳಿದಳು. ನನ್ನ ಮುಖ ನೋಡಿ ಕನ್ನಡಕ್ಕೆ ಬಂದಳು.

"ಕಾಕು, ಮುಂಜಾನಿಂದ ನೋಡಾಕತ್ತೀನಿ. ಎಲ್ಲಿಗಿ ಹೋಗಬೇಕು ನಿಮಗ?"

"ಬಲಕ್ಕ."

"ಮತ್ತ ಹೋಗ್ರಿ."

"ಎದುರಿಂದ ಗಾಡಿ ಬರಾಕತ್ತಾವಲ್ಲವ್ವ."

ಹಿಂದಿನಿಂದ ಅತ್ತೆ ತಲೆ ಚಾಚಿ, "ಮಗಳನ್ನ ಕರಿಯಾಕ ಬಂದೀವಿ ತಂಗಿ, ಪಂಚಮಿಗಿ," ಎಂದರು. ಅಷ್ಟೇ. ಹುಡುಗಿ ರಸ್ತೆಯ ನಡುವೆ ಹೋಗಿ ಸೀಟಿ ಊದಿ ಎರಡೂ ಕೈ ಅಗಲಿಸಿದಳು. ಬಸ್ಸು ನಿಂತಿತು, ಟೆಂಪೋ ನಿಂತಿತು, ಆಟೋಗಳೆಲ್ಲ ಮುಗ್ಗರಿಸಿ ನಿಂತವು. ಇಡೀ ಸೊಲ್ಲಾಪುರ ನನಗಾಗಿ ಉಸಿರು ಹಿಡಿಯಿತು. ನಾನು ಸಿಸ್ಟರ್ ಹುಬ್ಬನ್ನು ಒಮ್ಮೆ ನೆನೆದು, ಮನಸ್ಸಿನಲ್ಲೇ ಕ್ಷಮೆ ಕೇಳಿ, ಸ್ಟಿಯರಿಂಗನ್ನು ಬಲಕ್ಕೆ ತಿರುಗಿಸಿದೆ. ಗಾಡಿ ತಿರುಗಿತು. ಏನೂ ಆಗಲಿಲ್ಲ. ಯಾರ ದಾರಿಯೂ ಕೆಡಲಿಲ್ಲ. ದಾಟಿದ ಮೇಲೆ ನಾನು ಹಾರ್ನ್ ಒತ್ತಿದೆ, ಬೇಕೆಂದೇ, ಉದ್ದಕ್ಕೆ. ಸಾರಿ ಅನ್ನಲಿಲ್ಲ.

ಸುನಂದಾಳ ಅತ್ತೆಯನ್ನು ಎಲ್ಲರೂ ಆಯಿ ಎನ್ನುತ್ತಾರೆ. ಬೆನ್ನು ಬಾಗಿದರೂ ಮಾತು ನೆಟ್ಟಗಿರುವ ಹೆಂಗಸು. ಗಾಡಿಯ ಸದ್ದಿಗೆ ಅವರೇ ಮೊದಲು ಬಾಗಿಲಿಗೆ ಬಂದರು. ನನ್ನನ್ನು ನೋಡಿ ನಕ್ಕರು, ನಮ್ಮ ಅತ್ತೆಯನ್ನು ನೋಡಿ ಕೈಮುಗಿದರು, ಆಮೇಲೆ ನಮ್ಮಿಬ್ಬರ ಹಿಂದೆ ಖಾಲಿ ಗಾಡಿಯೊಳಗೆ ಹಣಕಿದರು.

"ಯಾರು ಬಂದಾರ ಕರಿಯಾಕ?"

"ನಾವಽ ಬಂದೀವ್ರಿ," ಎಂದೆ.

"ಅದು ಕಾಣಾಕತ್ತದವಾ. ಗಂಡಸರು ಯಾರು ಬಂದಾರ?"

ಸುನಂದಾ ಅಡುಗೆ ಮನೆಯ ಬಾಗಿಲಲ್ಲಿ ನಿಂತಿದ್ದಳು. ಹೊಸ ಸೀರೆ ಉಟ್ಟಿದ್ದಳು, ಬ್ಯಾಗು ತಯಾರಿತ್ತು. ಅವಳ ಕಣ್ಣು ಆಯಿಯ ಮುಖದಲ್ಲಿತ್ತು. ಕಾಲಿಗೆ ನೀರು ಬಂತು, ಮಣೆ ಬಂತು, ಹೋಳಿಗೆ ತುಪ್ಪ ಬಂತು. ಉಪಚಾರಕ್ಕೆ ಒಂದು ಎಳೆಯೂ ಕಡಿಮೆ ಮಾಡಲಿಲ್ಲ ಆಯಿ. ಓಣಿಯ ಹೆಂಗಸರು ಒಬ್ಬೊಬ್ಬರಾಗಿ ಸಕ್ಕರೆ ಕೇಳುವ ನೆಪದಲ್ಲಿ ಬಂದು ಗೋಡೆಗೆ ಒರಗಿದರು. ಊಟ ಮುಗಿಯಿತು. ಆಯಿ ಒಳಗಿನಿಂದ ತಾಟು ತಂದರು. ಅದರಲ್ಲಿ ಟವೆಲ್ಲಿತ್ತು, ಅದರ ಮೇಲೆ ಹೊಸ ಬಿಳಿ ಟೋಪಿ. ಸುನಂದಾಳ ಅಣ್ಣ ಬರುತ್ತಾನೆಂದು ತಂದಿಟ್ಟಿದ್ದರು. ತಾಟು ಹಿಡಿದು ನನ್ನ ಮುಂದೆ ಬಂದು ಅವರು ನಿಂತೇಬಿಟ್ಟರು.

"ಹೆಂಗಸಿಗಿ ಟೋಪಿ ಹ್ಯಾಂಗ ಕೊಡ್ಲಿ? ಕುಪ್ಪಸದ ಖಣ ತರ್ತೀನಿ ತಡಿ," ಎಂದು ತಿರುಗಿದರು. ಎರಡು ಹೆಜ್ಜೆ ಹೋಗಿ ಮತ್ತೆ ನಿಂತರು. "ಖಣ ಕೊಟ್ರ ನೀವು ಬೀಗರ ಮನಿಗಿ ಉಣ್ಣಾಕ ಬಂದಾಂಗ ಆಗ್ತದ. ಕರಿಯಾಕ ಬಂದಾಂಗ ಆಗಂಗಿಲ್ಲ. ನಾ ಹ್ಯಾಂಗ ಕಳಿಸ್ಲಿ?"

ಅವರು ತಕರಾರು ಮಾಡುತ್ತಿರಲಿಲ್ಲ. ಅವರಿಗೆ ನಿಜಕ್ಕೂ ದಾರಿ ಕಾಣುತ್ತಿರಲಿಲ್ಲ. ಗೋಡೆಗೆ ಒರಗಿದವರಲ್ಲಿ ಒಬ್ಬಳು ಇನ್ನೊಬ್ಬಳ ಕಿವಿಯಲ್ಲಿ ಏನೋ ಅಂದಳು. ಸುನಂದಾ ಬ್ಯಾಗಿನ ಹಿಡಿಕೆಯಿಂದ ಕೈ ತೆಗೆದಳು. ಅದನ್ನು ನೋಡಿದ ನಮ್ಮ ಅತ್ತೆ ಬಾಯಿ ತೆಗೆಯುವುದರಲ್ಲಿದ್ದರು. ಅಷ್ಟರಲ್ಲಿ ನಾನೇ ಎದ್ದು ನಿಂತಿದ್ದೆ.

"ಟೋಪಿನೇ ಹಾಕ್ರಿ ಆಯಿ," ಎಂದೆ. ಸೆರಗು ಹಿಂದೆ ಸರಿಸಿ ತಲೆ ಬಗ್ಗಿಸಿದೆ. "ಹುಮನಾಬಾದಿಂದ ಗಾಡಿ ಹೊಡ್ಕೊಂಡು ಬಂದೀನಿ, ನಿಮ್ ಊರು ಪೂರಾ ಸುತ್ತೀನಿ, ಸಿಗ್ನಲ್ ನಿಲ್ಲಿಸೀನಿ. ಖಣ ಬ್ಯಾಡ್ರಿ. ಕರಿಯಾಕ ಬಂದಾಕಿ ನಾ. ನನ್ ಟೋಪಿ ನನಗ ಕೊಡ್ರಿ."

ಅಷ್ಟು ದೊಡ್ಡ ದನಿಯಲ್ಲಿ ನಾನು ಎಂದೂ ಮಾತಾಡಿದವಳಲ್ಲ. ತಲೆ ಬಗ್ಗಿಸಿದ್ದರಿಂದ ನನಗೆ ಆಯಿಯ ಪಾದಗಳು ಮಾತ್ರ ಕಾಣುತ್ತಿದ್ದವು; ಕಾಲುಂಗುರ ಸವೆದು ತಂತಿಯಾಗಿತ್ತು. ಆ ಪಾದಗಳು ಅಲುಗಾಡದೆ ನಿಂತಿದ್ದವು. ಆಮೇಲೆ ಒಂದು ಹೆಜ್ಜೆ ಮುಂದೆ ಬಂದವು.

"ನನ್ನ ಕರಿಯಾಕ ಕಡೀ ಸಲ ಬಂದಾಂವ ನನ್ ತಮ್ಮ," ಎಂದರು ಆಯಿ, ಯಾರಿಗೆ ಎಂದಿಲ್ಲದೆ. "ಅಂವ ಹ್ವಾದ ಮ್ಯಾಲ ಯಾರೂ ಬರ್ಲಿಲ್ಲ. ಅವನ ಹೇಂತಿ ಇದ್ಳು. ಆಕಿಗಿ ಬಾ ಅಂತ ನಾನೂ ಅನ್ಲಿಲ್ಲ, ಬರ್ತೀನಿ ಅಂತ ಆಕಿನೂ ಅನ್ಲಿಲ್ಲ. ಹೊಳೀಲೇ ಇಲ್ಲ ನೋಡು ಇಬ್ಬರಿಗೂ."

ಟೋಪಿ ನನ್ನ ತಲೆಯ ಮೇಲೆ ಬಂತು. ಬಂದದ್ದೇ ಜಾರಿ ಹುಬ್ಬು ದಾಟಿ ಮೂಗಿನ ಮೇಲೆ ಕೂತಿತು. ಹುಲಸೂರಿನ ಬಸ್ಸಿನಲ್ಲಿ ಕಂಡ ಅದೇ ಕತ್ತಲೆ, ಅದೇ ಹೊಸ ಬಟ್ಟೆಯ ಗಂಜಿಯ ವಾಸನೆ. ಹೊರಗೆ ಎಲ್ಲರೂ ನಗುತ್ತಿದ್ದರು, ಗೋಡೆಗೆ ಒರಗಿದವರೂ, ಆಯಿಯೂ. ಸುನಂದಾಳ ನಗು ಎಲ್ಲಕ್ಕಿಂತ ಮೇಲೆ ಕೇಳುತ್ತಿತ್ತು. ಹೆಗಲಿಗೆ ಟವೆಲ್ ಬಿತ್ತು. "ಕರ್ಕೊಂಡು ಹೋಗ್ರಿ," ಎಂದರು ಆಯಿ. ಕರೆಯಲು ಬಂದವರಿಗೆ ಹೇಳುವ ಮಾತು, ಹೇಳಬೇಕಾದ ಧಾಟಿಯಲ್ಲೇ ಹೇಳಿದರು.

ವಾಪಸು ಬರುವಾಗ ಟೋಪಿ ನನ್ನ ಮುಂದೆ ಗಾಜಿನ ಬುಡದಲ್ಲಿತ್ತು. ಹಾಕಿಕೊಂಡರೆ ರಸ್ತೆ ಕಾಣುವುದಿಲ್ಲವಲ್ಲ. ಹಿಂದಿನ ಸೀಟಿನಲ್ಲಿ ತಾಯಿ ಮಗಳು ಸೊಲ್ಲಾಪುರದಿಂದ ಗಡಿಯವರೆಗೆ ಒಂದೇ ಉಸಿರಿಗೆ ಮಾತಾಡಿದರು. ಬೆಳಗಿನ ಮಳೆಯ ಕಂಬ ಇನ್ನೂ ಅಲ್ಲೇ ಎಲ್ಲೋ ಸುಳಿದಾಡುತ್ತಿತ್ತು. ಈ ಸಲ ನಮ್ಮ ಮೇಲೂ ನಾಲ್ಕು ಹನಿ ಚೆಲ್ಲಿ ಹೋಯಿತು. ಬಸವಕಲ್ಯಾಣದ ಕ್ರಾಸು ಹತ್ತಿರ ಬಂದಾಗ ಹಿಂದಿನ ಮಾತು ನಿಂತಿತು.

"ಲೀಲಾ," ಎಂದರು ಅತ್ತೆ, "ನಿಮ್ ಊರ ರಸ್ತೆ ಈಗ ಯಾ ಕಡಿಗಿ ಬರ್ತದ?"

ನಾನು ನೋಡಿದೆ. ಸೊಲ್ಲಾಪುರದ ಕಡೆಯಿಂದ ಬಂದರೆ ನನ್ನ ತವರಿನ ರಸ್ತೆ ಎಡಕ್ಕಿತ್ತು.

"ಸುನಂದಾ ಬರ್ತಾಳಂತ ಪ್ರತಿ ವರ್ಷ ನಿನ್ನ ಹಬ್ಬ ಮುಗಿದ ಮ್ಯಾಲೇ ಕಳಿಸೀನಿ. ತಿರಗ್ಸು. ಜೋಕಾಲಿ ಆಡಿ, ಚಹಾ ಕುಡದು ಹೋಗೋಣು."

ನಾನು ಎಡಕ್ಕೆ ತಿರುಗಿಸಿದೆ. ಎಡಕ್ಕೆ ತಿರುಗುವುದರಲ್ಲಿ ನನ್ನನ್ನು ಮೀರಿಸುವವರು ಆ ದಿನ ಯಾರೂ ಇರಲಿಲ್ಲ.

ಅಣ್ಣ ಕಟ್ಟೆಯ ಮೇಲೆ ಕೂತು ಜೋಕಾಲಿಯ ಹಗ್ಗ ಹೊಸೆಯುತ್ತಿದ್ದ. ಗಾಡಿ ನೋಡಿ ಎದ್ದು ಬಂದ. ರೂಢಿಯಂತೆ ಒಳಗೆ ಹಣಕಿ, "ನಿಮ್ಮವರು ಎಲ್ಲಿ?" ಎಂದ.

"ಅಂವ ಮನ್ಯಾಗ ಕರಿ ಕನ್ನಡಕ ಹಾಕ್ಕೊಂಡು ಕುಂತಾನ," ಎಂದರು ಅತ್ತೆ. "ಎಲ್ಲಾರನೂ ನಿನ್ ತಂಗಿನೇ ಕರ್ಕೊಂಡು ಬಂದಾಳ. ಆಕಿನ್ನೂ ಆಕಿನೇ."

ಅಣ್ಣ ನನ್ನನ್ನು ನೋಡಿದ, ಹೆಗಲ ಮೇಲಿನ ಟವೆಲ್ ನೋಡಿದ, ಗಾಜಿನ ಬುಡದಲ್ಲಿದ್ದ ಟೋಪಿ ನೋಡಿದ. ತಲೆಯಲ್ಲಿ ನರೆತ ಕೂದಲು, ಮುಖದಲ್ಲಿ ಮಾತ್ರ ಆಡಿಕೊಳ್ಳುವ ಹಳೆಯ ಹುಡುಗ. "ಹುಲಸೂರ ಟೋಪಿ ಕಡೀಗಿ ಸಿಕ್ತು ಹೌದಿಲ್ಲ," ಎಂದ. ಅತ್ತಿಗೆ ನೀರಿನ ತಂಬಿಗೆ, ರೊಟ್ಟಿಯ ತುಣುಕು ತಂದು ನಮ್ಮೆಲ್ಲರಿಗೂ ನಿವಾಳಿಸಿದಳು. ಕೊನೆಗೆ, ಯಾರೂ ಹೇಳದೆಯೇ, ಗಾಡಿಗೂ ನಿವಾಳಿಸಿದಳು.

ಫರ್ಜಾನಾ ಕೇಳಿ ಮುಗಿಸುವ ಹೊತ್ತಿಗೆ ಸೀರೆಗಳ ಮೇಲಿನ ಬಿಸಿಲು ಗೋಡೆಗೆ ಸರಿದಿತ್ತು. ಟೋಪಿಯನ್ನು ಅದರ ಜಾಗದಲ್ಲೇ, ಮದುವೆ ಸೀರೆಯ ಮಡಿಕೆಯಲ್ಲಿಟ್ಟು ಕೆಳಗೆ ಬಂದೆ. ನಮ್ಮ ಮನೆಯವರು ಪೇಪರ್ ಓದುತ್ತಿದ್ದರು. ಈಗ ಅವರ ಕಣ್ಣು ಸೊಗಸಾಗಿದೆ, ಸಣ್ಣಕ್ಷರವೂ ಕಾಣುತ್ತದೆ. "ಈ ವರ್ಷ ಸುನಂದಾನ ಕರಿಯಾಕ ನಾನೇ ಹೋಗ್ತೀನಿ ಬಿಡು," ಎಂದರು ಉದಾರವಾಗಿ.

ಮೂಲೆಯಲ್ಲಿ ಅಳ್ಳು ಆರಿಸುತ್ತಿದ್ದ ಅತ್ತೆ ತಲೆ ಎತ್ತಲಿಲ್ಲ. "ಹೋಗಪ್ಪ, ಜೊತಿಗಿ ಹೋಗು. ಮುಂದಿನ ಸೀಟು ಖಾಲಿನೇ ಇರ್ತದ. ಹಾದ್ಯಾಗ ಮದಲ ಕಲ್ಯಾಣಕ್ಕ ಹೋಗಿ ಆಕಿ ಅಣ್ಣಗ ಮಾತಾಡ್ಸಿ ಹೋಗ್ರಿ."

ಅಂದರೆ ಕ್ರಾಸಿನಲ್ಲಿ ಬಲಕ್ಕೆ ತಿರುಗಬೇಕು. ತಿರುಗುತ್ತೇನೆ, ಅದಕ್ಕೇನಂತೆ.

ಅಷ್ಟರಲ್ಲಿ ಫೋನ್ ಬಂತು. ಸುನಂದಾಳ ನಂಬರು, ಮಾತಾಡಿದವರು ಆಯಿ. ಹಿಂದೆ ಅಂಗಡಿಯ ಗದ್ದಲ, ಮರಾಠಿಯಲ್ಲಿ ಯಾರೋ ಅವಸರ ಮಾಡುತ್ತಿದ್ದರು.

"ಹೋದ್ ವರ್ಷದ್ದು ದೊಡ್ಡದಾಗಿತ್ತಲ್ಲವಾ," ಎಂದರು ಆಯಿ. "ಟೋಪಿ ಅಂಗಡ್ಯಾಗ ನಿಂತೀನಿ. ನಿನ್ ತಲಿ ಅಳತಿ ಎಷ್ಟು ಹೇಳು, ಇಂವ ಕೇಳಾಕತ್ತಾನ."

"ಒಂದು ನಿಮಿಷ ತಡೀರಿ ಆಯಿ," ಎಂದು ಹೊಲಿಗೆ ಪೆಟ್ಟಿಗೆಯಿಂದ ಟೇಪು ತೆಗೆದುಕೊಂಡು ಕನ್ನಡಿಯ ಮುಂದೆ ಹೋಗಿ ನಿಂತೆ.